ಬ್ಯಾಗು ಕಾಯುವವಳು

ದ್ವಾರಕಾನಾಥರ ಸಂಸಾರ ಎಲ್ಲಿಗೆ ಪ್ರವಾಸ ಹೊರಟರೂ ಉಳಿದವರು ಏನು ಮಾಡಬೇಕೆಂಬುದು ಅಲ್ಲಿಗೆ ಹೋದ ಮೇಲೆ ತೀರ್ಮಾನವಾಗುತ್ತಿತ್ತು. ಜಲಜಾಳ ಕೆಲಸ ಮಾತ್ರ ಹೊರಡುವ ಮೊದಲೇ ಗೊತ್ತಿರುತ್ತಿತ್ತು. ಅವಳು ಬ್ಯಾಗು ಕಾಯಬೇಕು. ಸಾಂಟಾ ಕ್ರೂಜ್ ಬೀಚಿರಲಿ, ಲೇಕ್ ಟಾಹೋ ಇರಲಿ, ಎಲ್ಲರೂ ಚಪ್ಪಲಿ ಬಿಚ್ಚಿ, ಕನ್ನಡಕ ತೆಗೆದು, ಫೋನು ಪರ್ಸುಗಳನ್ನು ಅವಳ ಮಡಿಲಿಗೆ ಸುರಿದು ನೀರಿಗೆ ಓಡುವರು. ಅವಳು ಟವೆಲು ಹಾಸಿಕೊಂಡು ಕೂರುವಳು. ಒಂದು ಗಂಟೆ ಬಿಟ್ಟು ಬಂದವರು ಒದ್ದೆ ಕೈಯಲ್ಲೇ ಚಕ್ಕುಲಿ ಮುರಿಯುತ್ತ, ನೀರು ಹೇಗಿತ್ತು, ಅಲೆ ಎಷ್ಟೆತ್ತರ ಬಂತು ಎಂದೆಲ್ಲ ಅವಳಿಗೆ ವರ್ಣಿಸುವರು. ಅವಳು ‘ಹೌದಾ, ಹೌದಾ’ ಎಂದು ಕೇಳುವಳು. ಮೂವತ್ತು ವರ್ಷ ಹೀಗೇ ನಡೆದಿತ್ತು. ಇದು ಸರಿಯೇ ಎಂದು ಯಾರೂ ಕೇಳಿರಲಿಲ್ಲ. ನಿಜ ಹೇಳಬೇಕೆಂದರೆ ಜಲಜಾಳೂ ಕೇಳಿರಲಿಲ್ಲ.

ಆ ಬ್ಯಾಗೂ ಅಂತಿಂಥದ್ದಲ್ಲ. ಕಂದು ಬಣ್ಣದ, ಮೂರು ಜಿಪ್ಪಿನ ಚರ್ಮದ ಬ್ಯಾಗು. ಇಡೀ ಮನೆಯ ಐದು ಪಾಸ್‌ಪೋರ್ಟುಗಳು ಅದರಲ್ಲಿರುತ್ತಿದ್ದವು. ಗಂಡ ಹೆಂಡತಿಯವು ಎರಡು, ಮಗಳು ರಂಜನಿಯದು, ಅಳಿಯ ಕುಶಲ್‌ನದು, ಎಂಟು ವರ್ಷದ ಮೊಮ್ಮಗಳು ಅಕ್ಷಯಾಳದು. ರೂಮಿನಲ್ಲಿ ಲಾಕರು ಇರುತ್ತದೆ ಎಂದು ಕುಶಲ್ ಪ್ರತಿ ಸಲ ಹೇಳುವನು. ದ್ವಾರಕಾನಾಥರು ಸುತರಾಂ ಒಪ್ಪರು. ಬಹಳ ಹಿಂದೆ ಲಾಸ್ ಏಂಜಲಿಸ್‌ನ ಹೋಟೆಲೊಂದರಲ್ಲಿ ಅವರು ಲಾಕರಿನ ನಂಬರು ಮರೆತು, ಅದನ್ನು ತೆಗೆಸುವಷ್ಟರಲ್ಲಿ ಬೆಂಗಳೂರಿನ ವಿಮಾನ ಹೊರಟುಹೋಗಿತ್ತು. ಮರೆತವರು ಅವರು, ಬೈಸಿಕೊಂಡದ್ದು ಲಾಕರು. ಅಂದಿನಿಂದ ಪಾಸ್‌ಪೋರ್ಟು ಮೈಮೇಲೇ ಇರಬೇಕು ಎಂಬ ಕಾನೂನು ಜಾರಿಗೆ ಬಂತು. ಯಾರ ಮೈಮೇಲೆ ಎಂದರೆ ಜಲಜಾಳ ಮೈಮೇಲೆ. ಕಾರಿನಿಂದಲೋ ಬಸ್ಸಿನಿಂದಲೋ ಇಳಿಯುವಾಗ ದ್ವಾರಕಾನಾಥರು ತಿರುಗಿಯೂ ನೋಡದೆ ಬ್ಯಾಗನ್ನು ಹಿಂದಕ್ಕೆ ಚಾಚಿ ‘ಹಿಡ್ಕೋ’ ಎನ್ನುವರು. ಅವಳೂ ನೋಡದೆ ಹಿಡಿದು ಹೆಗಲಿಗೆ ಹಾಕಿಕೊಳ್ಳುವಳು. ಮದುವೆಯಾದಂದಿನಿಂದ ಗಂಡ ಹೆಂಡತಿ ಇಷ್ಟು ಹೊಂದಿಕೊಂಡು ಮಾಡಿದ ಕೆಲಸ ಇನ್ನೊಂದಿರಲಿಲ್ಲ.

ಹೋದ ವರ್ಷ ಡಿಸೆಂಬರಿನಲ್ಲಿ ಎಲ್ಲರೂ ಫ್ಲಾರಿಡಾಕ್ಕೆ ಹಾರಿ, ಅಲ್ಲಿಂದ ಹಡಗು ಹತ್ತಿ ಕೆರಿಬಿಯನ್‌ನ ನಾಲ್ಕು ದ್ವೀಪ ನೋಡಿ ಬಂದರು. ಜಲಜಾ ನಾಲ್ಕು ದ್ವೀಪಗಳಲ್ಲಿ ನಾಲ್ಕು ಕುರ್ಚಿ ನೋಡಿ ಬಂದಳು. ಎರಡು ಪ್ಲಾಸ್ಟಿಕ್‌ನವು, ಒಂದು ಮರದ್ದು, ಒಂದರ ಕಾಲು ಅಲ್ಲಾಡುತ್ತಿತ್ತು. ಜನವರಿಯಲ್ಲಿ ಅಕ್ಷಯಾಳ ಶಾಲೆಯಲ್ಲಿ ‘ನನ್ನ ಅಜ್ಜಿ’ ಎಂದು ಚಿತ್ರ ಬರೆಸಿದರು. ಮಗು ಚೆನ್ನಾಗಿಯೇ ಬರೆದಿತ್ತು. ನೀಲಿ ಸಮುದ್ರ, ಬಿಳಿ ಹಡಗು, ನೀರಿನಲ್ಲಿ ಕೈ ಮೇಲೆತ್ತಿದ ನಾಲ್ಕು ಜನ. ದಡದಲ್ಲಿ ಕುರ್ಚಿಯ ಮೇಲೆ ಅಜ್ಜಿ, ಸುತ್ತ ಏಳು ಬ್ಯಾಗು. ಕೆಳಗೆ ಇಂಗ್ಲಿಷಿನಲ್ಲಿ ದುಂಡಗೆ ಒಂದು ವಾಕ್ಯ: ನಮ್ಮ ಅಜ್ಜಿಗೆ ಬ್ಯಾಗು ಕಾಯುವುದೆಂದರೆ ಇಷ್ಟ.

ಮನೆಮಂದಿಯೆಲ್ಲ ಬಿದ್ದು ಬಿದ್ದು ನಕ್ಕರು. ಜಲಜಾಳೂ ನಕ್ಕಳು. ಸ್ಯಾನ್ ಹೊಸೆಯ ಆ ಮನೆಯ ಫ್ರಿಜ್ಜಿನ ಬಾಗಿಲಿಗೆ ಚಿತ್ರ ಅಂಟಿಸಿದವಳೂ ಅವಳೇ. ಆದರೆ ಹಾಲು ತೆಗೆಯಲು ಹೋದಾಗಲೆಲ್ಲ ಆ ವಾಕ್ಯ ಕಣ್ಣಿಗೆ ಹೊಡೆಯುತ್ತಿತ್ತು. ಇಷ್ಟವಂತೆ! ನನಗೆ ಇಷ್ಟ ಎಂದು ಈ ಮಗುವಿಗೆ ಯಾರು ಹೇಳಿದರು? ಇಷ್ಟವಿಲ್ಲ ಎಂದು ನಾನಾದರೂ ಯಾವತ್ತು ಹೇಳಿದೆ? ಮಗುವಿನ ಮೇಲೆ ಅವಳಿಗೆ ಸಿಟ್ಟು ಬರಲಿಲ್ಲ, ತನ್ನ ಮೇಲೆಯೇ ಬಂತು. ಒಂದು ಬೆಳಗ್ಗೆ ಹುಳಿ ಕುದಿಯುತ್ತಿರುವಾಗ, ಸೌಟು ಕೈಯಲ್ಲಿ ಹಿಡಿದೇ ಅವಳು ನಿರ್ಧಾರ ಮಾಡಿದಳು. ಮುಂದಿನ ಸಲ ದ್ವೀಪಕ್ಕೆ ಹೋದರೆ ನೀರಿಗೆ ಇಳಿಯುವುದೇ ಸೈ. ಸೀರೆಯ ಅಂಚು ಎತ್ತಿ ಕಾಲು ನೆನೆಸಿಕೊಂಡು ಬರುವುದಲ್ಲ. ಮುಖ ಮುಳುಗಿಸಿ, ಕೆಳಗೆ ಏನಿದೆ ಎಂದು ತನ್ನ ಕಣ್ಣಿಂದ ನೋಡಿ ಬರುವುದು. ಆಗ ಅವಳಿಗೆ ಅರವತ್ತೆರಡು.

ಮನೆಯಲ್ಲಿ ಅವಳು ಬಾಯಿ ಬಿಡಲಿಲ್ಲ. ನಲವತ್ತರಲ್ಲಿ ಕಾರು ಕಲಿತಾಗ ಒಂದು ವರ್ಷ ರಾತ್ರಿಯೂಟಕ್ಕೆ ಅವಳ ಡ್ರೈವಿಂಗೇ ಉಪ್ಪಿನಕಾಯಿಯಾಗಿತ್ತು. ಇದನ್ನೂ ಅವರ ಬಾಯಿಗೆ ಕೊಡುವುದು ಬೇಡ ಎಂದುಕೊಂಡಳು. ಮಂಗಳವಾರ, ಗುರುವಾರ ಬೆಳಗ್ಗೆ ಹನ್ನೊಂದಕ್ಕೆ ಭಜನೆ ಪ್ರಾಕ್ಟೀಸು ಎಂದು ಹೇಳಿ, ಊರಿನ ಸಾರ್ವಜನಿಕ ಈಜುಕೊಳದ ಹಿರಿಯರ ಕ್ಲಾಸಿಗೆ ಸೇರಿಕೊಂಡಳು. ಈಜುಡುಪು ಕಾರಿನ ಡಿಕ್ಕಿಯಲ್ಲಿ, ಗ್ರಾಸರಿ ಚೀಲಗಳ ಅಡಿಯಲ್ಲಿ ಇರುತ್ತಿತ್ತು. ಈ ಗುಟ್ಟು ಗೊತ್ತಿದ್ದದ್ದು ಬಂಗಾರೆವ್ವನಿಗೆ ಒಬ್ಬಳಿಗೇ. ಗದಗಿನ ಕಡೆಯ ಈಕೆ ಅದೇ ಬೀದಿಯಲ್ಲಿ ಮಗನ ಮನೆಯಲ್ಲಿದ್ದಳು. ಮೊಣಕಾಲು ನೋವಿಗೆ ನೀರಿನಲ್ಲಿ ನಡೆಯಿರಿ ಎಂದು ಡಾಕ್ಟರು ಹೇಳಿದ್ದರು. ಮೊದಲ ದಿನ ಇಳಕಲ್ ಸೀರೆಯಲ್ಲೇ ಕೊಳಕ್ಕೆ ಇಳಿಯಲು ಹೋಗಿ ಅಲ್ಲಿಯವರು ಕೈ ಅಡ್ಡ ಹಿಡಿದಾಗ ಆಕೆ ರಂಪವನ್ನೇ ಮಾಡಿದ್ದಳು.

“ಸೀರಿ ಉಟಗೊಂಡು ತುಂಬಿದ ಹೊಳ್ಯಾಗ ಈಸಿದಾಕಿ ನಾನು. ಈ ಹೊಂಡಕ್ಕ ಬ್ಯಾರೆ ಅರಿವಿ ಬೇಕಂತ ಇವರಿಗೆ!”

ಕಲಿಸುತ್ತಿದ್ದವಳು ಎಪ್ಪತ್ತರ ಹತ್ತಿರದ ಒಬ್ಬ ಚೀನೀ ಹೆಂಗಸು. ಹೆಚ್ಚು ಮಾತಿಲ್ಲ. “ಫೇಸ್ ಇನ್! ಬಬಲ್!” ಎನ್ನುವಳು, ಅಷ್ಟೇ. ಮುಖ ಮುಳುಗಿಸು, ಉಸಿರು ಗುಳ್ಳೆಗಳಾಗಿ ಬಿಡು. ಎಲ್ಲರೂ ಎರಡನೆಯ ವಾರಕ್ಕೆ ಗುಳ್ಳೆ ಬಿಟ್ಟರು. ಜಲಜಾಳಿಗೆ ಮಾತ್ರ ಆರು ವಾರವಾದರೂ ಆಗಲಿಲ್ಲ. ಮುಖ ನೀರಿಗೆ ತಾಗುವುದೇ ತಡ, ತಲೆ ತಾನಾಗಿ ಮೇಲೆದ್ದುಬಿಡುತ್ತಿತ್ತು.

“ಮಾರಿ ಮುಳುಗಸಾಕ ಏನ ಧಾಡಿ ನಿನಗ? ನೀರು ಕಡೀತೈತೇನು?” ಎಂದು ಬಂಗಾರೆವ್ವ ಗದರಿಸಿದಳು.

“ಭಯ ಏನಿಲ್ಲ ಕಣ್ರೀ. ಯಾಕೋ ತಲೆ ಎದ್ದುಬಿಡುತ್ತೆ.”

ಏಳನೆಯ ವಾರ ಟೀಚರಮ್ಮ ಪಕ್ಕದಲ್ಲೇ ನಿಂತು ಗಮನಿಸಿದಳು. ಜಲಜಾ ತಲೆ ಎತ್ತಿದಾಗಲೆಲ್ಲ ಅವಳ ಕಣ್ಣು ಹೋಗುತ್ತಿದ್ದದ್ದು ದಡದ ಬೆಂಚಿಗೆ. ಬೆಂಚಿನ ಮೇಲೆ ಅವಳ ಕೈಚೀಲವಿತ್ತು. ಅದರಲ್ಲಿ ಬಾಚಣಿಗೆ, ಕಾರಿನ ಬೀಗದ ಕೈ, ಒಂದು ಬಾಳೆಹಣ್ಣು ಬಿಟ್ಟರೆ ಏನೂ ಇರಲಿಲ್ಲ. ಟೀಚರಮ್ಮ ಬೆಂಚಿನ ಕಡೆ ಬೆರಳು ತೋರಿಸಿ ಬಂಗಾರೆವ್ವನಿಗೆ ಏನೋ ಸನ್ನೆ ಮಾಡಿದಳು. ಬಂಗಾರೆವ್ವ ಎದ್ದು ಹೋಗಿ ಚೀಲವನ್ನು ಬಟ್ಟೆ ಬದಲಿಸುವ ರೂಮಿಗೆ ಒಗೆದು ಬಂದಳು. ಬೆಂಚು ಖಾಲಿಯಾಯಿತು. ಜಲಜಾ ಮುಖ ಮುಳುಗಿಸಿದಳು, ಗುಳ್ಳೆ ಬಿಟ್ಟಳು. ಮೇಲೆದ್ದಾಗ ಬಂಗಾರೆವ್ವ ಮದುವೆ ಮನೆಯಲ್ಲಿ ನಿಂತವಳ ಹಾಗೆ ಚಪ್ಪಾಳೆ ತಟ್ಟುತ್ತಿದ್ದಳು.

ಅಲ್ಲಿಂದ ಮುಂದೆ ಅವಳನ್ನು ತಡೆಯುವವರಿರಲಿಲ್ಲ. ಬೇಸಿಗೆಯ ಹೊತ್ತಿಗೆ ಕೊಳದ ಈ ತುದಿಯಿಂದ ಆ ತುದಿಗೆ ಈಜಿದಳು. ಸಾಂಟಾ ಕ್ಲಾರಾದ ಆಟೋಟದ ಸಾಮಾನಿನ ಅಂಗಡಿಯಲ್ಲಿ ಗಾಜಿನ ಮಾಸ್ಕು, ಉಸಿರಾಡುವ ಕೊಳವೆ ಕೊಂಡು, ಅದನ್ನು ಕಚ್ಚಿಕೊಂಡು ತೇಲುವುದನ್ನೂ ಕಲಿತಳು. ಆಗಸ್ಟಿನಲ್ಲಿ ಮನೆಯಲ್ಲಿ ಹವಾಯಿಯ ಮಾತು ಬಂತು. ಸ್ಯಾನ್ ಫ್ರಾನ್ಸಿಸ್ಕೋದಿಂದಲೇ ಹಡಗು ಹೊರಡುತ್ತದೆ, ವಿಮಾನದ ರಗಳೆ ಇಲ್ಲ, ಬಟ್ಟೆ ಒಂದು ಸಲ ಬಿಚ್ಚಿಟ್ಟರೆ ಸಾಕು ಎಂದು ದ್ವಾರಕಾನಾಥರು ಕುಣಿದರು. ನವೆಂಬರಿನ ಶಾಲೆಯ ರಜೆಗೆ ಇನ್ನೊಂದು ವಾರ ಸೇರಿಸಿ ಟಿಕೆಟು ತೆಗೆಸಿದ್ದಾಯಿತು.

ರಂಜನಿ ಸೌತ್ ಸ್ಯಾನ್ ಫ್ರಾನ್ಸಿಸ್ಕೋದ ಲ್ಯಾಬೊಂದರಲ್ಲಿ ಕೆಲಸ ಮಾಡುವವಳು, ಎಲ್ಲಕ್ಕೂ ಪಟ್ಟಿ ಬೇಕು ಅವಳಿಗೆ. ಪ್ರತಿ ಬಂದರಿನಲ್ಲಿ ನೋಡುವುದೇನು, ಮಾಡುವುದೇನು ಎಂದು ದೊಡ್ಡ ಹಾಳೆಯಲ್ಲಿ ಅಚ್ಚು ಹಾಕಿ ಫ್ರಿಜ್ಜಿಗೆ ಅಂಟಿಸಿದಳು. ಹೀಲೋದಲ್ಲಿ ಜ್ವಾಲಾಮುಖಿ, ಲಾವಾ ಕೊರೆದ ಸುರಂಗ. ಹೊನೊಲುಲುವಿನಲ್ಲಿ ಆರಿಹೋದ ಜ್ವಾಲಾಮುಖಿಯ ಗುಡ್ಡ ಹತ್ತುವುದು. ಮಾವಿಯಲ್ಲಿ ಮೀನು ನೋಡುವುದು. ಕೊನೆಗೆ ಕೌವಾಯಿ ದ್ವೀಪದಲ್ಲಿ ಬಸ್ಸಿನಲ್ಲಿ ಕೆಂಪು ಕಣಿವೆ ನೋಡುವುದು. ಒಬ್ಬೊಬ್ಬರಿಗೂ ಒಂದೊಂದು ಸಾಲು ಇತ್ತು. ಅಮ್ಮ ಎಂಬ ಸಾಲಿನಲ್ಲಿ ನಾಲ್ಕು ಬಂದರಿಗೂ ಒಂದೇ ಮಾತು: ರಿಲ್ಯಾಕ್ಸ್.

“ಎಲ್ಲಾ ಕಡೆ ಶೇಡ್ ಇರೋ ಜಾಗನೇ ಹುಡುಕಿದೀನಮ್ಮ ನಿಂಗೆ” ಎಂದಳು ರಂಜನಿ. ಪ್ರೀತಿಯಿಂದಲೇ ಹೇಳಿದಳು. ಅದೇ ಹೆಚ್ಚು ಚುಚ್ಚಿತು.

ಜಲಜಾ ಮನಸ್ಸಿನಲ್ಲೇ ಮಾವಿಗೆ ಗೆರೆ ಎಳೆದಳು. ಅಲ್ಲಿ ಎಲ್ಲರೂ ನೀರಿಗೆ ಇಳಿಯುವವರೇ. ತಾನೂ ಎದ್ದು ಇಳಿದುಬಿಟ್ಟರೆ ಆಯಿತು. ಮಾತು ಬೇಡ, ವಾದ ಬೇಡ.

ಹಡಗು ಗೋಲ್ಡನ್ ಗೇಟ್ ಸೇತುವೆಯ ಕೆಳಗೆ ದಾಟುವಾಗ ಗಡಗಡ ನಡುಗುವ ಚಳಿ ಗಾಳಿ. ದ್ವಾರಕಾನಾಥರು ಮಂಕಿಟೋಪಿ ಹಾಕಿಕೊಂಡು ಫೋಟೋ ತೆಗೆಸಿಕೊಂಡರು. ನಾಲ್ಕು ದಿನ ನೀರು ಬಿಟ್ಟರೆ ಬೇರೇನಿಲ್ಲ. ಹೀಲೋದಲ್ಲಿ ಎಲ್ಲರೂ ಸುರಂಗದೊಳಗೆ ನಡೆದುಹೋದಾಗ ಜಲಜಾ ಹೊರಗಿನ ಕಲ್ಲುಬೆಂಚಿನ ಮೇಲೆ ಬ್ಯಾಗು ಹಿಡಿದು ಕೂತಳು. ಹೊನೊಲುಲುವಿನಲ್ಲಿ ಗುಡ್ಡದ ಬುಡದಲ್ಲಿ, ದೊಡ್ಡ ಮರವೊಂದರ ನೆರಳಿನಲ್ಲಿ ಕೂತಳು. ಅವಳಿಗೆ ಬೇಜಾರಾಗಲಿಲ್ಲ. ಕೂರುವುದು ಇನ್ನೆಷ್ಟು ಹೊತ್ತು, ನಾಳೆ ಮಾವಿ.

ಮಾವಿಯ ಬೆಳಗ್ಗೆ ಅವಳು ಆರಕ್ಕೇ ಎದ್ದು ಚೂಡಿದಾರದ ಒಳಗೆ ಈಜುಡುಪು ತೊಟ್ಟು ಸಿದ್ಧಳಾದಳು. ಏಳೂವರೆಗೆ ಕ್ಯಾಪ್ಟನ್ನಿನ ಧ್ವನಿ ಸ್ಪೀಕರಿನಲ್ಲಿ ಬಂತು. ಗಾಳಿ ಜೋರಾಗಿದೆ, ಹಡಗು ನಿಲ್ಲಿಸುವುದು ಕ್ಷೇಮವಲ್ಲ, ಕ್ಷಮಿಸಿ, ಈ ಬಂದರು ಬಿಟ್ಟು ಮುಂದೆ ಹೋಗುತ್ತೇವೆ. ಕಿಟಕಿಯಲ್ಲಿ ಹಸಿರು ಬೆಟ್ಟ ಕಾಣುತ್ತಿತ್ತು. ನೋಡನೋಡುತ್ತಲೇ ಹಿಂದೆ ಸರಿಯಿತು. ದ್ವಾರಕಾನಾಥರು “ಹೋಗ್ಲಿ ಬಿಡು, ಇಡ್ಲಿ ಇದೆಯಂತೆ ಇವತ್ತು” ಎಂದು ತಿಂಡಿಗೆ ಹೊರಟರು. ಜಲಜಾ ಬಾತ್‌ರೂಮಿನ ಬಾಗಿಲು ಹಾಕಿಕೊಂಡು, ಒಣಗಿದ ಈಜುಡುಪನ್ನು ಒಣಗಿದ ಹಾಗೆಯೇ ಬಿಚ್ಚಿ, ನಲ್ಲಿ ತಿರುಗಿಸಿ ಚೆನ್ನಾಗಿ ಅತ್ತಳು. ಒಂಬತ್ತು ತಿಂಗಳು ಈಜಿದ್ದು ಯಾರಿಗೂ ಗೊತ್ತಿಲ್ಲ, ಈಗ ಅತ್ತದ್ದೂ ಯಾರಿಗೂ ಗೊತ್ತಾಗುವುದಿಲ್ಲ. ಆ ಯೋಚನೆಗೆ ಅಳು ನಿಂತು ಸಿಟ್ಟು ಬಂತು. ಮುಖ ತೊಳೆದುಕೊಂಡಳು. ಇನ್ನೊಂದು ದ್ವೀಪ ಬಾಕಿ ಇದೆಯಲ್ಲ.

ಮರುದಿನ ಕೌವಾಯಿಯಲ್ಲಿ ಹಡಗು ನಿಂತಿತು. ಕಣಿವೆಯ ಬಸ್ಸಿಗೆ ಐದೂ ಸೀಟು ಮೊದಲೇ ಕಾದಿರಿಸಿತ್ತು, ಒಂಬತ್ತಕ್ಕೆ ಹೊರಟರೆ ಎರಡಕ್ಕೆ ವಾಪಸು. ಜಲಜಾ ತಿಂಡಿಯ ಟೇಬಲ್ಲಿನಲ್ಲಿ ಕಾಫಿ ಲೋಟ ಕೆಳಗಿಟ್ಟಳು.

“ನಾನು ಕಣಿವೆಗೆ ಬರೋಲ್ಲ.”

“ಯಾಕೆ, ಹುಷಾರಿಲ್ವಾ?” ಎಂದರು ದ್ವಾರಕಾನಾಥರು. ಹೆಂಡತಿಯನ್ನು ಹೆಸರು ಹಿಡಿದು ಕರೆಯುವ ಅಭ್ಯಾಸ ಅವರಿಗಿರಲಿಲ್ಲ. ‘ಏಯ್’, ‘ಇವಳೇ’, ‘ಕೇಳಿಸ್ತಾ’ ಇಷ್ಟರಲ್ಲೇ ಸಂಸಾರ ನಡೆದಿತ್ತು.

“ಹುಷಾರಾಗೇ ಇದೀನಿ. ಇಲ್ಲಿಂದ ಟ್ಯಾಕ್ಸಿಲಿ ಹತ್ತು ನಿಮಿಷಕ್ಕೆ ಒಂದು ಬೀಚಿದೆ. ಸಮುದ್ರಕ್ಕೆ ಅಡ್ಡ ಬಂಡೆ ಪೇರಿಸಿ ಕೊಳ ಮಾಡಿದಾರೆ, ಅಲೆ ಇರಲ್ಲ, ಲೈಫ್‌ಗಾರ್ಡ್ ಇರ್ತಾರೆ. ನಾನು ಅಲ್ಲಿಗೆ ಹೋಗಿ ನೀರಿಗೆ ಇಳೀತೀನಿ. ಮೀನು ನೋಡ್ತೀನಿ.”

ಮೊದಲು ಕುಶಲ್ ನಕ್ಕ. ಆಮೇಲೆ ಅತ್ತೆಯ ಮುಖ ನೋಡಿ ನಿಲ್ಲಿಸಿದ. ಅವಳು ಎಲ್ಲವನ್ನೂ ಹೇಳಿದಳು. ಮಂಗಳವಾರ, ಗುರುವಾರ, ಬಂಗಾರೆವ್ವ, ಬಬಲ್, ಡಿಕ್ಕಿಯಲ್ಲಿನ ಈಜುಡುಪು, ಒಂದನ್ನೂ ಬಿಡಲಿಲ್ಲ.

“ನಂಗ್ಯಾಕೆ ಹೇಳ್ಲಿಲ್ಲಮ್ಮ?” ರಂಜನಿಗೆ ನೋವಾಗಿತ್ತು.

“ಹೇಳಿದ್ರೆ ನಗ್ತಿದ್ರಿ.”

ಅಕ್ಷಯಾ ಕಣ್ಣು ಅಗಲಿಸಿ, “ಅಜ್ಜಿ ಕ್ಯಾನ್ ಸ್ವಿಮ್? ಫಾರ್ ರಿಯಲ್?” ಎಂದಳು.

“ಭಜನೆ ಅಂತ ಸುಳ್ಳು ಹೇಳ್ಕೊಂಡು…” ದ್ವಾರಕಾನಾಥರು ಅಲ್ಲೇ ಸಿಕ್ಕಿಕೊಂಡಿದ್ದರು. “ಈ ವಯಸ್ಸಲ್ಲಿ, ಅದೂ ಒಬ್ಬಳೇ? ಏನಾದ್ರೂ ಆದ್ರೆ?”

“ನಾನು ಬರ್ತೀನಿ ಅಮ್ಮನ ಜೊತೆ” ಎಂದಳು ರಂಜನಿ.

“ಬೇಡ. ನೀನು ಬಂದ್ರೆ ದಡದಲ್ಲಿ ನಿಂತು ಹುಷಾರು ಹುಷಾರು ಅಂತಿರ್ತೀಯ. ನೀವೆಲ್ಲ ಕಣಿವೆ ನೋಡಿ ಬನ್ನಿ. ಬಂದು ನಂಗೆ ಹೇಳಿ, ಕೇಳ್ತೀನಿ. ಇಷ್ಟು ವರ್ಷ ಕೇಳಿಲ್ವಾ?”

ಅಷ್ಟು ಹೇಳಿ ಅವಳು ಎದ್ದಳು. ದ್ವಾರಕಾನಾಥರು ಬಂದರಿಗೆ ಇಳಿಯುವವರೆಗೂ ಗೊಣಗಿದರು. ಇಳಿಯುವ ಸೇತುವೆಯ ಮೇಲೆ ಸಾಲು ದೊಡ್ಡದಿತ್ತು, ಹಿಂದಿನಿಂದ ಜನ ತಳ್ಳುತ್ತಿದ್ದರು. ಕೆಳಗೆ ಬಸ್ಸು ಹಾರನ್ನು ಹೊಡೆಯಿತು. ಎಲ್ಲರೂ ಬಸ್ಸಿನ ಕಡೆ ಓಡಿದರು, ಅವಳು ಮಾಸ್ಕು ಕೊಳವೆಗಳ ಚೀಲ ಹಿಡಿದು ಟ್ಯಾಕ್ಸಿಯ ಕಡೆ ನಡೆದಳು.

ಬೀಚು ಅವಳು ಫೋನಿನಲ್ಲಿ ನೋಡಿಕೊಂಡ ಹಾಗೆಯೇ ಇತ್ತು. ಕಪ್ಪು ಬಂಡೆಗಳ ಗೋಡೆ, ಗೋಡೆಯಾಚೆ ಸಮುದ್ರದ ಅಬ್ಬರ, ಈಚೆ ಸದ್ದಿಲ್ಲದ ತಿಳಿನೀರು. ಕೊಳವೆ ಕಚ್ಚಿದ ಹತ್ತಾರು ಜನ ಬೆನ್ನು ಮೇಲೆ ಮಾಡಿ ತೇಲುತ್ತಿದ್ದರು. ಜಲಜಾ ಚೂಡಿದಾರ ಬಿಚ್ಚಲು ದುಪಟ್ಟಾ ತೆಗೆಯಹೋದಳು. ಹೆಗಲ ಮೇಲೆ ಏನೋ ಅಡ್ಡ ಬಂತು. ನೋಡಿದರೆ ಬ್ಯಾಗು!

ಕಂದು ಬಣ್ಣದ, ಮೂರು ಜಿಪ್ಪಿನ, ಐದು ಪಾಸ್‌ಪೋರ್ಟಿನ ಬ್ಯಾಗು. ಸೇತುವೆಯ ಮೇಲೆ ನೂಕುನುಗ್ಗಲಿನಲ್ಲಿ ಅವರು ‘ಹಿಡ್ಕೋ’ ಎಂದಿರಬೇಕು, ಅವಳು ಹಿಡಿದಿರಬೇಕು. ಅವರಿಗೂ ಗೊತ್ತಾಗಿಲ್ಲ, ಅವಳಿಗೂ ಗೊತ್ತಾಗಿಲ್ಲ. ದಾರಿಯುದ್ದಕ್ಕೂ ಅದು ಹೆಗಲಲ್ಲೇ ಇತ್ತು, ಭಾರ ಅನ್ನಿಸಿಯೂ ಇರಲಿಲ್ಲ. ಜಲಜಾಳಿಗೆ ನಗಬೇಕೋ ಅಳಬೇಕೋ ತಿಳಿಯಲಿಲ್ಲ. ಅಷ್ಟರಲ್ಲಿ ಮಾಸ್ಕಿನ ಚೀಲದಲ್ಲಿದ್ದ ಅವಳ ಫೋನು ಹೊಡೆದುಕೊಂಡಿತು.

“ಏಯ್, ಬ್ಯಾಗು ನಿನ್ ಹತ್ರ ಇದೆಯಾ?” ದ್ವಾರಕಾನಾಥರಿಗೆ ಏದುಸಿರು.

“ಇದೆ.”

“ಸದ್ಯ! ಎದೆನೇ ಒಡೆದುಹೋಗಿತ್ತು. ನೋಡು, ವಾಪಸ್ ಹೋಗ್ತಾ ಮೆಕ್ಸಿಕೋದಲ್ಲಿ ಬೇರೆ ಹಡಗು ನಿಲ್ಲುತ್ತೆ, ಪಾಸ್‌ಪೋರ್ಟಿಲ್ದೆ ಇದ್ರೆ ಮುಗೀತು ಕತೆ. ಅಲ್ಲೇ ಕೂತಿರು. ಬ್ಯಾಗು ಬಿಟ್ಟು ಏಳಬೇಡ. ನಾವು ಎರಡಕ್ಕೆ ಬಂದುಬಿಡ್ತೀವಿ, ಆಮೇಲೆ ನೀನು ನೀರಿಗಾದ್ರೂ ಇಳಿ, ಏನಾದ್ರೂ ಮಾಡು.”

“ಹೂಂ” ಎಂದಳು ಜಲಜಾ. ಆ ಹೂಂ ತಾನಾಗಿಯೇ ಬಾಯಿಂದ ಬಂದಿತ್ತು. ಎರಡಕ್ಕೆ ಅವರು ಬಂದು, ಟ್ಯಾಕ್ಸಿ ಹಿಡಿದು ಇಲ್ಲಿಗೆ ಮುಟ್ಟುವಾಗ ಮೂರು. ಮೂರೂವರೆಗೆ ಎಲ್ಲರೂ ಹಡಗಿನಲ್ಲಿರಬೇಕು.

ಲೈಫ್‌ಗಾರ್ಡಿನ ಎತ್ತರದ ಕುರ್ಚಿಯ ಹತ್ತಿರ ಹೋಗಿ ಕೇಳಿದಳು. ಆತ ವಿನಯದಿಂದಲೇ, ಸಾಮಾನಿನ ಜವಾಬ್ದಾರಿ ನಮ್ಮದಲ್ಲ ಎಂದ. ಅವಳು ಮರದ ನೆರಳಿಗೆ ಬಂದು ಕೂತಳು. ಬ್ಯಾಗು ಮಡಿಲಲ್ಲಿ. ಹತ್ತೂ ಕಾಲಾಯಿತು, ಹತ್ತೂವರೆಯಾಯಿತು. ಐದನೆಯ ದ್ವೀಪ, ಆರನೆಯ ದ್ವೀಪ, ಈಗ ಇದು ಏಳನೆಯದು. ಕುರ್ಚಿಯೂ ಇಲ್ಲ ಇಲ್ಲಿ.

ನಾಲ್ಕು ಮಾರು ಆಚೆ ಇನ್ನೊಬ್ಬ ಹೆಂಗಸು ಕೂತಿದ್ದಳು. ಅಲ್ಲಿಯವಳೇ ಇರಬೇಕು, ಇವಳಷ್ಟೇ ವಯಸ್ಸು, ಹೂವಿನ ಚಿತ್ರದ ಸಡಿಲ ಅಂಗಿ. ಅವಳ ಸುತ್ತ ಟವೆಲುಗಳು, ಪುಟ್ಟ ಪುಟ್ಟ ಚಪ್ಪಲಿಗಳು, ನೀರಿನ ಬಾಟಲುಗಳು, ಯಾರದೋ ಕನ್ನಡಕ. ಮಡಿಲಲ್ಲಿ ನಾಲ್ಕು ಫೋನು. ಇಬ್ಬರೂ ಮುಖ ಮುಖ ನೋಡಿಕೊಂಡರು. ಪರಿಚಯವೇ ಬೇಕಾಗಿರಲಿಲ್ಲ, ಇಬ್ಬರದೂ ಒಂದೇ ಕಸುಬು. ಆ ಹೆಂಗಸು ಜಲಜಾಳ ಬ್ಯಾಗು ನೋಡಿ, ನೀರು ನೋಡಿ, ತನ್ನ ಪಕ್ಕದ ಮರಳನ್ನು ಕೈಯಿಂದ ತಟ್ಟಿದಳು. ಇಲ್ಲಿಡು, ನಾನು ನೋಡಿಕೊಳ್ಳುತ್ತೇನೆ ಎಂದು ಅದರ ಅರ್ಥ.

ಜಲಜಾ ಸಂತೋಷದಿಂದ ಎದ್ದು ಎರಡು ಹೆಜ್ಜೆ ಹೋದಳು. ಹೋದವಳು ನಿಂತಳು. ಆ ಹೆಂಗಸಿನ ಸುತ್ತ ಈಗಾಗಲೇ ಇಷ್ಟು ರಾಶಿ ಇತ್ತು. ಅದರ ಮೇಲೆ ನನ್ನದೂ ಒಂದು ಹೊರಿಸಿ ಹೋಗಲೇ? ನನ್ನಿಂದ ಇಳಿಸಿದ್ದನ್ನು ಇನ್ನೊಬ್ಬಳ ಮೇಲೆ ಹೇರುವುದಾದರೆ ನನಗೂ ಅವರಿಗೂ ಏನು ವ್ಯತ್ಯಾಸ? ಅವಳು ಕೈ ಜೋಡಿಸಿ, ತಲೆಯಲ್ಲಾಡಿಸಿ, ಹಿಂದೆ ಬಂದಳು.

ಆಮೇಲೆ ಮಾಡಿದ್ದನ್ನು ಅವಳು ಒಂದೊಂದಾಗಿ, ಅವಸರವಿಲ್ಲದೆ ಮಾಡಿದಳು. ಈಜುಡುಪಿನ ಮೇಲಿದ್ದ ಚೂಡಿದಾರ ಬಿಚ್ಚಿ ಮಡಿಸಿದಳು. ಕನ್ನಡಕ ತೆಗೆದು, ಫೋನಿನ ಜೊತೆ ಬ್ಯಾಗಿಗೆ ಹಾಕಿ, ಮೂರೂ ಜಿಪ್ಪು ಎಳೆದಳು. ಲೈಫ್‌ಗಾರ್ಡಿನ ಕುರ್ಚಿಯ ಬುಡದಲ್ಲಿ, ಬಟ್ಟಬಯಲು ಮರಳಿನ ಮೇಲೆ ಬ್ಯಾಗಿಟ್ಟು, ಅದರ ಮೇಲೆ ಬಟ್ಟೆ, ಬಟ್ಟೆಯ ಮೇಲೆ ಚಪ್ಪಲಿ ಇಟ್ಟಳು. ಹೋದರೆ ಹೋಗಲಿ. ಪಾಸ್‌ಪೋರ್ಟು ಹೋದರೆ ಇನ್ನೊಂದು ಮಾಡಿಸಬಹುದು, ಸಾಲಿನಲ್ಲಿ ನಿಲ್ಲಬೇಕು ಅಷ್ಟೇ. ನನಗೆ ಅರವತ್ತೆರಡು. ಮತ್ತೆ ಯಾವ ಹಡಗು, ಮತ್ತೆ ಯಾವ ದ್ವೀಪ? ಬ್ಯಾಗಿಗೆ ಬೆನ್ನು ಮಾಡಿ ಅವಳು ನಡೆದಳು. ನೀರು ಮೊಣಕಾಲಿಗೆ ಬಂತು, ಸೊಂಟಕ್ಕೆ ಬಂತು, ಸ್ಯಾನ್ ಹೊಸೆಯ ಕೊಳಕ್ಕಿಂತ ಬೆಚ್ಚಗಿತ್ತು. ತಿರುಗಿ ನೋಡಬೇಕೆಂದು ಕತ್ತು ತಾನಾಗಿ ಹೊರಳಿತು. ಅರ್ಧಕ್ಕೇ ತಡೆದಳು. ‘ಫೇಸ್ ಇನ್’ ಎಂದು ತನಗೆ ತಾನೇ ಗಟ್ಟಿಯಾಗಿ ಹೇಳಿಕೊಂಡು, ಮಾಸ್ಕು ಏರಿಸಿ, ಕೊಳವೆ ಕಚ್ಚಿ ಮುಖ ಮುಳುಗಿಸಿದಳು.

ಕೆಳಗೆ ಒಂದು ಊರೇ ಇತ್ತು. ಅಂಗೈಯಷ್ಟಗಲದ ಅಪ್ಪಟ ಹಳದಿ ಮೀನುಗಳು ಗುಂಪಾಗಿ ಬಂದು, ಇವಳನ್ನು ಸುತ್ತುಹಾಕಿ, ಪರವಾಗಿಲ್ಲ ಎನ್ನಿಸಿತೋ ಏನೋ, ತಮ್ಮ ಪಾಡಿಗೆ ಹೋದವು. ಕಪ್ಪು ಬಿಳಿ ಪಟ್ಟೆಯದೊಂದು ಬಂಡೆಯ ಪಾಚಿಯನ್ನು ಕಟಕಟ ಕಡಿಯುತ್ತಿತ್ತು. ಕಡಿಯುವ ಸದ್ದೂ ಕೇಳಿಸಿತು! ನೀರಿನೊಳಗೆ ಸದ್ದು ಕೇಳಿಸುತ್ತದೆ ಎಂದು ಇಷ್ಟು ವರ್ಷ ಬಂದು ವರ್ಣಿಸಿದವರಲ್ಲಿ ಒಬ್ಬರೂ ಹೇಳಿರಲಿಲ್ಲ. ಕೊಳವೆಯಲ್ಲಿ ತನ್ನದೇ ಉಸಿರು, ಬೆನ್ನಿಗೆ ಬಿಸಿಲು. ಬಂಡೆಯ ಸಂದಿಯಲ್ಲಿ ಉದ್ದ ಮೂತಿಯ ಇನ್ನೊಂದು ಹಳದಿ ಮೀನು ಇಣುಕಿ ಮಾಯವಾಯಿತು. ಜಲಜಾ ಅದರ ಬೆನ್ನು ಹತ್ತಿದಳು. ಎಷ್ಟು ಹೊತ್ತಾಯಿತೋ ಅವಳಿಗೆ ಗೊತ್ತಿಲ್ಲ. ಬ್ಯಾಗಿನ ನೆನಪೇ ಇರಲಿಲ್ಲ. ಇಷ್ಟು ಸುಖವಾಗಿ ಅವಳು ಯಾವತ್ತೂ ಇದ್ದಿರಲಿಲ್ಲ.

ಮಾಸ್ಕು ಸರಿಮಾಡಿಕೊಳ್ಳಲು ತಲೆ ಎತ್ತಿದಾಗ ದಡದ ಕಡೆ ಗದ್ದಲ ಕೇಳಿಸಿತು. ತೊಡೆಮಟ್ಟ ನೀರಿನಲ್ಲಿ, ಪ್ಯಾಂಟು ಬೂಟು ಸಮೇತ ಮುದುಕರೊಬ್ಬರು ನಿಂತು, ತೇಲುತ್ತಿದ್ದವರ ಬೆನ್ನು ಬೆನ್ನು ನೋಡುತ್ತ ಕೂಗುತ್ತಿದ್ದರು.

“ಜಲಜಾ! ಜಲಜಾ!”

ಯಾರನ್ನು ಕರೆಯುತ್ತಿದ್ದಾರೆ ಎಂದು ತಿಳಿಯಲು ಅವಳಿಗೇ ಒಂದು ಗಳಿಗೆ ಬೇಕಾಯಿತು. ಆ ಧ್ವನಿಯಲ್ಲಿ ಆ ಹೆಸರನ್ನು ಅವಳು ಕೇಳಿರಲೇ ಇಲ್ಲ. ದ್ವಾರಕಾನಾಥರು ಲೈಫ್‌ಗಾರ್ಡಿನ ಕಡೆ ತಿರುಗಿ, ಎರಡೂ ಕೈಯೆತ್ತಿ ಬಡಿದುಕೊಳ್ಳುತ್ತಿದ್ದರು. “ಶಿ ನೆವರ್ ಲೀವ್ಸ್ ದಿ ಬ್ಯಾಗ್! ಯು ಡೋಂಟ್ ನೋ! ನೆವರ್!”

“ರೀ! ಇಲ್ಲಿದೀನಿ!”

ಅವರು ನೀರು ಸೀಳಿಕೊಂಡು, ಎಡವಿಕೊಂಡು ಬಂದು ಅವಳ ತೋಳು ಹಿಡಿದರು. ಈಜು ಬಾರದ ಮನುಷ್ಯ ಸೊಂಟದವರೆಗೆ ಬಂದುಬಿಟ್ಟಿದ್ದರು.

“ಮನಸ್ಸು ತಡೀಲಿಲ್ಲ, ಬಸ್ಸಿಂದ ಮೊದಲ ಸ್ಟಾಪಲ್ಲೇ ಇಳಿದು ಟ್ಯಾಕ್ಸಿ ಮಾಡ್ಕೊಂಡು ಬಂದೆ, ಬ್ಯಾಗಿಗೋಸ್ಕರ. ಬಂದು ನೋಡಿದ್ರೆ ಬ್ಯಾಗಿದೆ. ಬಟ್ಟೆ ಇದೆ, ಚಪ್ಪಲಿ ಇದೆ. ನೀನಿಲ್ಲ. ಬ್ಯಾಗು ಬಿಟ್ಟು ನೀನು… ನಾನು ಏನಂದ್ಕೋಬೇಕು?”

ಜಲಜಾ ಅವರ ಹೆಗಲಾಚೆ ದಡ ನೋಡಿದಳು. ಬ್ಯಾಗು ಅಲ್ಲಿ ಮರಳಿನ ಮೇಲೆ ಅಡ್ಡ ಬಿದ್ದಿತ್ತು. ಅದರತ್ತ ಯಾರ ಗಮನವೂ ಇರಲಿಲ್ಲ.

“ರೀ, ಬ್ಯಾಗು!” ಎಂದಳು ಅಭ್ಯಾಸದಂತೆ.

“ಹಾಳಾಗ್ಹೋಗ್ಲಿ ಬ್ಯಾಗು!” ಎಂದರು ದ್ವಾರಕಾನಾಥರು.

ಅವಳಿಗೆ ಅವರನ್ನು ದಡಕ್ಕೆ ಕರೆದೊಯ್ದು, ಕೂರಿಸಿ, ಬೂಟು ಬಿಚ್ಚಿ, ಕುಡಿಯಲು ನೀರು ಕೊಡಬೇಕು ಎನ್ನಿಸಿತು. ಕಾಲು ದಡದ ಕಡೆ ಒಂದು ಹೆಜ್ಜೆ ಇಟ್ಟೂ ಆಗಿತ್ತು. ಆಮೇಲೆ ನಿಂತು ಅವರ ಕೈಗಡಿಯಾರ ನೋಡಿದಳು.

“ನನ್ನದಿನ್ನೂ ಮುಗಿದಿಲ್ಲ ಕಣ್ರೀ. ಇನ್ನೂ ಹನ್ನೊಂದೂವರೆ.” ಮಾಸ್ಕು ಬಿಚ್ಚಿ ಅವರ ಕೈಗೆ ಕೊಟ್ಟಳು. “ತಗೊಳ್ಳಿ, ನೀವೂ ನೋಡಿ. ನಿಂತ ಕಡೆನೇ ಬಗ್ಗಿದ್ರೆ ಸಾಕು. ಮುಖ ಒಳಗೆ, ಉಸಿರು ಬಿಡಿ.”

“ನಂಗಾಗಲ್ಲ.”

“ನಂಗೂ ಆರು ವಾರ ಆಗಿರ್ಲಿಲ್ಲ.”

ದ್ವಾರಕಾನಾಥರು ಮಾಸ್ಕು ನೋಡಿದರು, ನೀರು ನೋಡಿದರು. ನಿಟ್ಟುಸಿರು ಬಿಟ್ಟು ಕನ್ನಡಕ ತೆಗೆದರು. ತೆಗೆದು, ತಿರುಗಿಯೂ ನೋಡದೆ ಅವಳ ಕಡೆ ಚಾಚಿ, “ಹಿಡ್ಕೋ” ಎಂದರು.

“ನಿಮ್ಮ ಜೇಬಲ್ಲಿಟ್ಕೊಳ್ಳಿ” ಎಂದಳು ಜಲಜಾ.

ಅವರು ಚಾಚಿದ ಕೈ ಹಾಗೇ ಹಿಡಿದು, ಅವಳ ಮುಖವನ್ನೊಮ್ಮೆ ನೋಡಿದರು. ಆಮೇಲೆ ಕನ್ನಡಕ ಮಡಿಸಿ ಅಂಗಿಯ ಜೇಬಿಗೆ ಹಾಕಿಕೊಂಡು, ಗುಂಡಿಯನ್ನೂ ಹಾಕಿಕೊಂಡು, ಮಾಸ್ಕು ಏರಿಸಿ ಬಗ್ಗಿದರು. ಮೊದಲ ಸಲ ಕೆಮ್ಮಿಕೊಂಡು ಎದ್ದರು. ಎರಡನೆಯ ಸಲ ಸ್ವಲ್ಪ ಹೊತ್ತು ಇದ್ದರು. ಮೂರನೆಯ ಸಲ ಅವರ ಬಿಳಿಕೂದಲಿನ ತಲೆಯ ಸುತ್ತ ಗುಳ್ಳೆಗಳು ಎದ್ದವು, ಮುದುಕರು ಏಳಲೇ ಇಲ್ಲ. ಜಲಜಾ ಹೆದರಿ ಬೆನ್ನು ತಟ್ಟಿದಳು.

“ತಡಿಯೇ!” ಎಂದು ಎದ್ದರು. ಮುಖದಿಂದ ನೀರು ಸುರಿಯುತ್ತಿತ್ತು. “ಅದ್ಯಾವುದದು? ಹಳದಿದು, ಉದ್ದ ಮೂತಿದು?”

“ಅದನ್ನೇ ಹುಡುಕ್ತಿದ್ದೆ ನಾನು. ಎಲ್ಲಿ ಹೋಯ್ತು, ತೋರಿಸಿ” ಎಂದು ಜಲಜಾ ಬಂಡೆಯ ಕಡೆ ಮುಂದಾದಳು.